ಮೋರಿಯರ ಕುಡಿಕೆ

ಎಳೆಗೂಸಿನ ಕುತ್ತಿಗೆಯ ಮಡಿಕೆಯಲ್ಲಿ ಹಾಲು ಒಣಗಿದ ಒಂದು ಹುಳಿವಾಸನೆ ಇರುತ್ತದಲ್ಲ, ಅದು ಮೂಗಿಗೆ ಬಡಿದರೆ ಇಂದಿಗೂ ನನ್ನ ಎದೆ ಡವಗುಟ್ಟುತ್ತದೆ. ಯಾರ ಮನೆಯ ಮಗುವಾದರೂ ಸರಿ, ಎತ್ತಿಕೊಳ್ಳುವ ಮೊದಲೇ 'ಹಾಲು ಕುಡಿಯಿತಾ?' ಎಂದು ಕೇಳುತ್ತೇನೆ. ಸೊಸೆಯಂದಿರು ನಗುತ್ತಾರೆ, ನಗಲಿ ಬಿಡಿ.

ನಮ್ಮೂರು ಕಟ್ಟಾಯದ ಆಚೆ, ಹೇಮಾವತಿಯ ದಂಡೆಗೆ ಹತ್ತಿರವಿತ್ತು. ಊರ ಹಿಂದಿನ ದಿಣ್ಣೆಯ ಮೇಲೆ ಆಳೆತ್ತರದ ಕಲ್ಲುಗಳು ದುಂಡಗೆ ನಿಂತಿದ್ದವು. ನಡುವೆ ಚಪ್ಪಡಿ ಮುಚ್ಚಿದ, ಯಾವ ಕಾಲದ್ದೋ ಏನೋ ಎನ್ನುವಂಥ ಗೋರಿಗಳು. ಬೆಂಕಿಮಳೆಗೆ ಹೆದರಿ ಮೋರಿಯರೆಂಬ ಗಿಡ್ಡ ಜನ ಅದರೊಳಗೆ ಅಡಗಿ ಕೂತು ಹಾಗೆಯೇ ಸತ್ತರೆಂದು ನಮ್ಮಪ್ಪನ ತಾಯಿ, ಅಜ್ಜಿ, ಹೇಳುತ್ತಿದ್ದಳು. ಐವತ್ತರ ದಶಕದ ಕೊನೆಯ ಮಾತು. ಒಂಬತ್ತು ವರ್ಷದ ನನಗೆ ಮೋರಿಯರಿಗಿಂತ ಅಡುಗೆಯಾಟದ ಮೇಲೆ ಧ್ಯಾನ. ಮಳೆಗೆ ಮಣ್ಣು ಕುಸಿದು ಚಪ್ಪಡಿಯ ಪಕ್ಕ ಕಪ್ಪು-ಕೆಂಪು ಬಣ್ಣದ ನುಣ್ಣನೆಯ ಕುಡಿಕೆಯೊಂದು ಇಣುಕಿದ್ದೇ ತಡ, ಲಂಗದಲ್ಲಿ ಮುಚ್ಚಿಕೊಂಡು ತಂದು ಹಿತ್ತಿಲಲ್ಲಿ ಮಣ್ಣಿನ ಅನ್ನ ಬೇಯಿಸಿದೆ.

ಮೂರನೆಯ ದಿನ, ಎರಡು ತಿಂಗಳ ತಮ್ಮ ಮೊಲೆ ಹಿಡಿಯುವುದನ್ನೇ ಬಿಟ್ಟ. ಎದೆಹಾಲು ಕಟ್ಟಿಕೊಂಡು ಅವ್ವ ನರಳುತ್ತಿದ್ದಳು; ಅಪ್ಪ ಡಾಕ್ಟರನ್ನು ಕರೆತರಲು ಹಾಸನಕ್ಕೆ ಹೋಗಿದ್ದ. ಆಗ ಅಜ್ಜಿಯ ಕಣ್ಣಿಗೆ ಹಿತ್ತಿಲಿನ ಕುಡಿಕೆ ಬಿತ್ತು. ಬೈದಿದ್ದರೆ ಚೆನ್ನಾಗಿತ್ತು; ಬೈಯಲಿಲ್ಲವಲ್ಲ ಎಂದೇ ನನಗೆ ಇನ್ನಷ್ಟು ಹೆದರಿಕೆಯಾಯಿತು.

"ಅವ್ರು ಉಣ್ಣೋ ಕುಡ್ಕೆ ಕಣವ್ವ ಇದು. ಅವ್ರ ಬಾಯಿಂದ ಕಿತ್ಕಂಡ್ರೆ ನಮ್ ಕೂಸು ಎಂಗೆ ಉಣ್ತದೆ?" ಎಂದವಳೇ ಅದನ್ನು ತೊಳೆದು, ಮೊಸರನ್ನ ಕಲಸಿ ಅಂಚಿನವರೆಗೆ ತುಂಬಿದಳು. ನೆರೆಮನೆಯಿಂದ ತಂದ ಪಾತ್ರೆಯನ್ನು ನಮ್ಮಲ್ಲಿ ಯಾರೂ ಬರಿದಾಗಿ ಹಿಂದಿರುಗಿಸುತ್ತಿರಲಿಲ್ಲ, ಒಂದು ಹಿಡಿ ರಾಗಿಯನ್ನಾದರೂ ಹಾಕಿ ಕೊಡುತ್ತಿದ್ದರು. ಮೋರಿಯರನ್ನೂ ಅಜ್ಜಿ ನೆರೆಯವರೆಂದೇ ತಿಳಿದಿದ್ದಳು.

ಅಜ್ಜಿ ನನ್ನನ್ನು ಕರೆದೊಯ್ದು, ಕುಡಿಕೆಯನ್ನು ಕೈಗಿತ್ತು, ದಿಣ್ಣೆಯ ಕೆಳಗೆ ಬೆನ್ನು ತಿರುಗಿಸಿ ನಿಂತು ಸೆರಗನ್ನು ಮುಖಕ್ಕೆ ಎಳೆದುಕೊಂಡಳು. "ತಗಂಡೋರೇ ಮಡಗ್ಬೇಕು. ಇನ್ಯಾರೂ ನೋಡ್ಬಾರ್ದು. ಓಗವ್ವ."

ಕಲ್ಲುಗಳ ನಡುವೆ ಹೋಗುತ್ತಲೇ ಎಲ್ಲವೂ ನನ್ನತ್ತ ತಿರುಗಿ ನಿಂತಂತಾಗಿ ಎಡವಿ ಬಿದ್ದೆ. ಅನ್ನವೆಲ್ಲ ಮಣ್ಣುಪಾಲಾಯಿತು. ಬಳಿದು ತುಂಬಲು ಧೈರ್ಯ ಸಾಲದೆ, ಬರಿಯ ಕುಡಿಕೆಯನ್ನೇ ಚಪ್ಪಡಿಯ ಪಕ್ಕ ತುರುಕಿ ಓಡಿ ಬಂದೆ. "ಮಡಗ್ದಾ?" ಎಂದಳು ಅಜ್ಜಿ. "ಊಂ" ಎಂದೆ.

ಸಂಜೆ ಡಾಕ್ಟರು ಬಂದು ಸೂಜಿ ಹಾಕಿದರು. ಬೆಳಗಾಗುವಷ್ಟರಲ್ಲಿ ತಮ್ಮ ಹೋಗಿಬಿಟ್ಟಿದ್ದ. ಆಮೇಲೆ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ನಾಲ್ಕನೆಯ ದಿನ ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ತುತ್ತು ಹಿಡಿದಾಗ, ಚೆಲ್ಲಿದ್ದನ್ನು ಅವಳ ಕಿವಿಯಲ್ಲಿ ಹೇಳಿ ಅತ್ತೆ. ಅವಳು ತುತ್ತನ್ನು ತಟ್ಟೆಗೆ ಇಟ್ಟಳು. ಆಮೇಲೆ ಒಳಕೋಣೆಯಲ್ಲಿ ಮಲಗಿದ್ದ ಅವ್ವನಿಗೂ ಕೇಳಿಸುವಂತೆ, "ನಿನ್ ತಪ್ಪೇನಿಲ್ಲ ಕಣವ್ವ, ನಾನೇ ತಿರುಗ್ ನೋಡ್ಬುಟ್ಟೆ" ಎಂದಳು.

ಅಂದಿನಿಂದ ಅವ್ವ ಅಜ್ಜಿಯ ಕೈಯಿಂದ ಒಂದು ಲೋಟ ನೀರನ್ನೂ ತೆಗೆದುಕೊಳ್ಳಲಿಲ್ಲ. ಅಜ್ಜಿ ಆ ಮನೆಯ ಮೂಲೆಯಲ್ಲೇ ಏಳು ವರ್ಷ ಬದುಕಿ ಸತ್ತಳು. ಮುಂದೆ ಗೊರೂರಿನ ಅಣೆಕಟ್ಟಿನ ನೀರು ಮನೆಯನ್ನೂ ದಿಣ್ಣೆಯನ್ನೂ ಮುಚ್ಚಿತು, ಅವ್ವನೂ ಹೋದಳು. ಎಡವಿ ಬಿದ್ದವಳು ಎದ್ದು ನೋಡಿದಾಗ ನನಗೆ ಕಂಡದ್ದು ಅಜ್ಜಿಯ ಬೆನ್ನು. ಇದನ್ನು ಅವ್ವನಿಗೆ ನಾನು ಹೇಳಲೇ ಇಲ್ಲ.