ನ್ಯಾನೋ ಮಿಸ್ಸೂ ನನ್ನ ಹೊಟ್ಟೆಕಿಚ್ಚೂ

ನವಿಲುಕೋಸಿನ ಎಲೆಯ ಮೇಲೆ ಬೂದಿ ಸವರಿದಂಥ ಒಂದು ಮಬ್ಬು ಇರುತ್ತದಲ್ಲ, ನೀವೂ ನೋಡಿರುತ್ತೀರಿ; ನೀರು ಬಿದ್ದರೆ ಅಂಟದೆ ಮುತ್ತಾಗಿ ಉರುಳಿಹೋಗುತ್ತದೆ. ಮುಳಬಾಗಿಲಿನ ಕಡೆಯ ತೋಟದಲ್ಲಿ ಅದನ್ನು ನೋಡುತ್ತಲೇ ಬೆಳೆದು, ಆವನಿಯ ಹತ್ತಿರದ ಶಾಲೆಯಲ್ಲಿ ತಲೆ ನರೆಯುವವರೆಗೆ ವಿಜ್ಞಾನ ಕಲಿಸಿದ ನಾನು, ಆ ಎಲೆಯನ್ನು ತರಗತಿಯೊಳಕ್ಕೆ ಒಮ್ಮೆಯೂ ತಂದವಳಲ್ಲ. ತಂದವಳು ಈ ವರ್ಷ ಬಂದ ಅತಿಥಿ ಶಿಕ್ಷಕಿ ಸುಮ. ಏಳನೇ ತರಗತಿಗೆ ನ್ಯಾನೋ ತಂತ್ರಜ್ಞಾನವಂತೆ, ಅದನ್ನೂ ಆಟವಾಡಿಸಿಯೇ ಕಲಿಸುತ್ತಾಳಂತೆ!

ಕಾಗದದ ಪಟ್ಟಿಯನ್ನು ಅರ್ಧ, ಅರ್ಧದಲ್ಲಿ ಅರ್ಧ ಎಂದು ಕತ್ತರಿಸುವ ಪಂದ್ಯ. ಕತ್ತರಿ ಸೋತಲ್ಲಿಂದ ನ್ಯಾನೋ ಇನ್ನೆಷ್ಟು ದೂರವೆಂದು ಕನ್ನಡ ತೆಲುಗು ಬೆರೆಸಿದ ಜಗಳ. ಗೋಡೆಯಾಚೆಯ ಆ ಗದ್ದಲ ಕೇಳುತ್ತಾ ನಾನು ಈಚೆ ವ್ಯಾಖ್ಯೆ ಬರೆಸುತ್ತಿದ್ದೆ. ನನ್ನ ಮಕ್ಕಳ ಕಿವಿಯೆಲ್ಲ ಅತ್ತಲೇ. ಹೊಟ್ಟೆ ಉರಿಯಿತು, ಮುಚ್ಚಿಡುವುದೇನು? ಊರಿಗೆಲ್ಲ ಸೈನ್ಸ್ ಮಿಸ್ ಅಂದರೆ ನಾನೇ ಆಗಿದ್ದೆ; ಈಗ ಬರೀ 'ಹಳೇ ಮಿಸ್' ಆಗುತ್ತಿದ್ದೆ.

ಇಲಾಖೆಯ ಸಾಹೇಬರು ಬರುವ ದಿನ ಸುಮ ಎಲೆಯಾಟ ಇಟ್ಟಳು: ಯಾರ ಎಲೆಯ ಮೇಲೆ ಹನಿ ಅಂಟದೆ ಉರುಳುವುದೋ ಅವರು ಗೆದ್ದಂತೆ. ಸಂತೆಗೊಯ್ಯುವ ತರಕಾರಿಯನ್ನು ಒರೆಸಿ ಮಿಂಚಿಸುವುದು ನಮ್ಮ ರೈತರ ಮಕ್ಕಳಿಗೆ ಹುಟ್ಟುಗುಣ. ಸಾಹೇಬರ ಮುಂದೆ ಮಾನ ಉಳಿಯಲೆಂದು ಎಲ್ಲರೂ ಮನೆಯಲ್ಲೇ ನವಿಲುಕೋಸಿನ ಎಲೆಗಳನ್ನು ಬಟ್ಟೆಯಿಂದ ತಿಕ್ಕಿ ಫಳಫಳ ಮಾಡಿ ತಂದಿದ್ದರು. ಒಂದು ಹನಿಯೂ ಉರುಳಲಿಲ್ಲ. ನೀರು ಎಲೆಗೆ ಅಂಟಿ ಹರಡಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ನನಗೆ ಹಾಲು ಕುಡಿದಷ್ಟು ಸಂತೋಷ.

ಸುಮ ಮಾತ್ರ ನಕ್ಕು, ಶಾಲೆಯ ಕೈತೋಟದಿಂದ ಒರೆಸದ ಎಲೆಯೊಂದನ್ನು ಕಿತ್ತು ತಂದಳು.

"ನೀವು ಒರೆಸಿ ಹಾಕಿದ್ದೇ ಆ ಬೂದಿಯಂಥ ಮಬ್ಬನ್ನ ಕಣ್ರೋ. ಅದೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಮೇಣದ ಉಬ್ಬುಗಳು. ನೀರನ್ನ ಎತ್ತಿ ಹಿಡಿಯೋದು ಅವೇ."

ಹನಿ ಉರುಳಿತು. ಸಾಹೇಬರೂ ಬಗ್ಗಿ ನೋಡಿದರು. ಮಕ್ಕಳೆಲ್ಲ ಒರೆಸಿದ ಎಲೆಯನ್ನೂ ಒರೆಸದ ಎಲೆಯನ್ನೂ ಮುಟ್ಟಿ ಮುಟ್ಟಿ ನೋಡುತ್ತಾ ಮೈಮರೆತರು. ಅಲ್ಲಿಯವರೆಗೆ ಸುಮಳ ಮೇಲಿದ್ದ ನನ್ನ ಉರಿ ಪಟ್ಟನೆ ಆ ಮಕ್ಕಳ ಕಡೆಗೆ ತಿರುಗಿತು. ನಾನು ಏಳನೇ ತರಗತಿಯಲ್ಲಿದ್ದಾಗ ಯಾರೂ ನನ್ನ ಕೈಗೊಂದು ಎಲೆ ಕೊಟ್ಟು ನೋಡು ಅಂದಿರಲಿಲ್ಲ. ತಡೆಯಲಾರದೆ ಒಳಗೆ ಹೋಗಿ ನೀರಿನ ಡ್ರಾಪರಿಗೆ ಕೈ ಚಾಚಿದೆ.

"ಮಿಸ್, ಲೈನಲ್ಲಿ ಬನ್ನಿ," ಅಂದಳು ಅದನ್ನು ಹಿಡಿದಿದ್ದ ಹುಡುಗಿ.

ಹೋಗಿ ಕೊನೆಯಲ್ಲಿ ನಿಂತೆ, ಮುಂದಿದ್ದ ಒಬ್ಬೊಬ್ಬರ ಮೇಲೂ ಹೊಟ್ಟೆ ಉರಿಸಿಕೊಳ್ಳುತ್ತಾ.