ಜಪಾನಿನ ಅಂಟು, ಡೊಂಬಿವಲಿಯ ಮಡಿ

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಗಂಡ ಕೆಲಸ ಮಾಡುತ್ತಿದ್ದ ಠಾಣೆಯ ಕಾರ್ಖಾನೆಗೆ ಜಪಾನಿನಿಂದ ಒಂದು ಯಂತ್ರ ಬಂತು. ಅದನ್ನು ಕೂಡಿಸಲು ಬಂದಿದ್ದ ಇಂಜಿನಿಯರ್ ವಾಪಸ್ ಹೋಗುವಾಗ ತನ್ನ ಚಿತ್ರ ಬರೆಯುವ ಪೆಟ್ಟಿಗೆಯನ್ನು ಬಿಟ್ಟುಹೋದ. ಯಾರಿಗೂ ಬೇಡವಾದ ಆ ಪೆಟ್ಟಿಗೆಯನ್ನು ಗಂಡ ಸಂಜೆಯ ಲೋಕಲ್ ರೈಲಿನ ಗದ್ದಲದಲ್ಲಿ ತಲೆಯ ಮೇಲೆ ಹಿಡಿದುಕೊಂಡು ಡೊಂಬಿವಲಿಗೆ ತಂದರು.

"ನೀ ಡ್ರಾಯಿಂಗ್ ಕಲ್ತಾಕಿ. ಬೇಕಾದ್ರ ಇಟ್ಕೋ, ಬ್ಯಾಡಾದ್ರ ಹಳೇ ಸಾಮಾನಿನ ಭಂಗಾರದಾಂವಗ ಹಾಕು" ಅಂದರು.

ಮದುವೆಗೆ ಮುಂಚೆ ನಾನು ಧಾರವಾಡದಲ್ಲಿ ಚಿತ್ರಕಲೆಯ ಡಿಪ್ಲೊಮಾ ಮಾಡಿದ್ದೆ. ಎರಡು ಕೋಣೆಯ ಮನೆಗೆ ಬಂದ ಮೇಲೆ ರಂಗೋಲಿ ಬಿಟ್ಟರೆ ಬೇರೇನೂ ಬರೆದಿರಲಿಲ್ಲ. ಪೆಟ್ಟಿಗೆಯಲ್ಲಿ ಕರಿಯ ಮಸಿಯ ಕಡ್ಡಿ, ಅದನ್ನು ತೇಯುವ ಕಲ್ಲು, ನಾಲ್ಕು ಕುಂಚ, ಬಟ್ಟೆಯಷ್ಟು ಮೆತ್ತಗಿನ ಕಾಗದ, ಚಿಪ್ಪು ಅರೆದು ಮಾಡಿದ ಬಿಳಿಯ ಪುಡಿ, ಜೇನಿನ ಬಣ್ಣದ ಒಂದಿಷ್ಟು ಅಂಟಿನ ಕಡ್ಡಿಗಳು ಇದ್ದವು. ನನಗೆ ಆ ಕ್ಷಣವೇ ಗೊತ್ತಾಯಿತು, ಏನು ಬರೆಯಬೇಕು ಅಂತ. ಹಿಂದಿನ ವಾರವಷ್ಟೇ ಘಣಸೋಲಿಯ ಖಾಡಿಯ ಹಿನ್ನೀರಿನ ಹತ್ತಿರ ಮಳೆಯಲ್ಲಿ ನೆನೆಯುತ್ತ ನಿಂತ ಬೆಳ್ಳಕ್ಕಿಗಳನ್ನು ನೋಡಿದ್ದೆ. ಜಪಾನಿನ ಬೆಟ್ಟ ನನಗೆ ಬೇಕಿರಲಿಲ್ಲ. ಅವರ ಕಾಗದದ ಮೇಲೆ ನಮ್ಮ ಹಕ್ಕಿ ನಿಂತರೆ ಸಾಕಿತ್ತು.

ಅಂಟನ್ನು ನೆನೆಸಿ, ಬಿಸಿನೀರಿನಲ್ಲಿ ಬಟ್ಟಲಿಟ್ಟು ಕರಗಿಸಿ, ಆ ಪುಡಿಯ ಜೊತೆ ಬೆರಳಿನಿಂದ ಕಲೆಸಬೇಕು. ಇಲ್ಲದಿದ್ದರೆ ಬಿಳಿಯ ಬಣ್ಣ ಕಾಗದಕ್ಕೆ ಹತ್ತುವುದಿಲ್ಲ. ಸ್ಟೋವಿನ ಮೇಲೆ ಇಟ್ಟು ಹತ್ತು ನಿಮಿಷ ಆಗಿರಲಿಲ್ಲ, ಅತ್ತೆ ಮೂಗು ಮುಚ್ಚಿಕೊಂಡು ಬಂದರು.

"ಏನವಾ ಇದು ವಾಸನಿ? ಇಲಿ ಸತ್ತದೇನು?"

"ಜಪಾನಿನ ಗೋಂದು ಅತ್ತಿ" ಅಂದೆ.

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಗಂಡ ಸತ್ಯವಂತರು. ಮರುದಿನ ಕಾರ್ಖಾನೆಯಲ್ಲಿ ಯಾರನ್ನೋ ಕೇಳಿಕೊಂಡು ಬಂದು, ಊಟಕ್ಕೆ ಕೂತಾಗ, ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತ, "ಅದು ದನದ ತೊಗಲು ಕುದಿಸಿ ಮಾಡೋ ಅಂಟಂತ" ಅಂದರು. ಅತ್ತೆ ಎಲ್ಲವನ್ನೂ ಅಲ್ಲೇ ಬಿಟ್ಟು ಎದ್ದರು. ಸ್ಟೋವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಬಟ್ಟಲು ಕಚರಾದ ಡಬ್ಬಿಗೆ ಹೋಯಿತು, ಅಂಟಿನ ಕಡ್ಡಿಗಳೂ ಹೋದವು. ಮಸಿಯ ಕಡ್ಡಿಯಲ್ಲೂ ಅಂಥದೇ ಅಂಟು ಇರುತ್ತದೆ ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ.

ಆಮೇಲೆ ಶುರುವಾಯಿತು ನನ್ನ ಪಾಡು. ಅಂಗಡಿಯ ಗೋಂದು ಹಾಕಿದೆ, ಕಾಗದ ಸುತ್ತಿದ ಕೂಡಲೇ ಬಿಳಿಯ ಬಣ್ಣ ಬಿರುಕು ಬಿಟ್ಟಿತು. ಮೈದಾ ಕುದಿಸಿ ಹಾಕಿದೆ, ಮಳೆಗಾಲದಲ್ಲಿ ಬೆಳ್ಳಕ್ಕಿಗಳಿಗೆ ಹಸಿರು ಬೂಷ್ಟು ಬಂತು. ಮಗ್ಗದ ನೂಲಿಗೆ ಗಂಜಿ ಹಾಕಲು ಬಳಸುವ ಹುಣಸೆಬೀಜದ ಹಿಟ್ಟನ್ನು ಗಂಡ ಭಿವಂಡಿಯಿಂದ ತಂದುಕೊಟ್ಟರು. ಅದು ಚೆನ್ನಾಗಿಯೇ ಹತ್ತಿತು. ಖುಷಿಯಿಂದ ಚಿತ್ರವನ್ನು ಗೋಡೆಗೆ ತೂಗುಹಾಕಿದೆ. ವಾರ ಕಳೆಯುವುದರೊಳಗೆ ಜಿರಲೆಗಳು ಹಕ್ಕಿಗಳ ಹೊಟ್ಟೆಯನ್ನಷ್ಟೇ ಅಚ್ಚುಕಟ್ಟಾಗಿ ತಿಂದು ಹೋಗಿದ್ದವು. ಕಾಲು, ಕೊಕ್ಕು ಉಳಿದಿದ್ದವು. ಪಕ್ಕದ ಮನೆಯ ಉಡುಪಿಯ ಹೆಂಗಸು ನೋಡಿ, "ಎಂಥ ಚಂದ ಬರ್ದಿದ್ದೀರಿ ಮಾರಾಯ್ರೆ, ಕಡ್ಡಿ ಕಡ್ಡಿ ಹುಲ್ಲು" ಅಂದಳು. ನಾನು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಕಾಗದ ಬಿಗಿದು ಕೂಡಿಸಲು ಒಂದು ಹಲಗೆ ಬೇಕಾಗಿತ್ತು. ನಮ್ಮ ಮನೆಯ ದೇವರ ಮಂಟಪ ಮಾಡಿಕೊಟ್ಟಿದ್ದ ಬಡಗಿಯ ಹತ್ತಿರ ವಿಠ್ಠಲವಾಡಿಗೆ ಹೋದೆ. ಅಂಗಡಿಯೊಳಗೆ ಕಾಲಿಡುತ್ತಲೇ ಅದೇ ವಾಸನೆ. ಮೂಲೆಯಲ್ಲಿ ಹೊಟ್ಟಿನ ಒಲೆಯ ಮೇಲೆ ಒಂದು ಡಬ್ಬಿ ಸಣ್ಣಗೆ ಕುದಿಯುತ್ತಿತ್ತು.

"ಸರೇಸ್ ಹೈ ಭಾಭೀ, ಲಕಡೀ ಜೋಡನೇ ಕಾ" ಅಂದ ಬಡಗಿ ಮುದುಕ. ಸರೇಸ್ ಅಂದರೆ ಕಟ್ಟಿಗೆ ಜೋಡಿಸುವ ಅಂಟು, ಅದೂ ತೊಗಲಿನದೇ.

ಒಂದು ಬಟ್ಟಲು ಬೇಡಿದೆ. ಕೊಟ್ಟ. ಆದರೆ ಮನೆ ಮುಟ್ಟುವುದರೊಳಗೆ ಅದು ಗಟ್ಟಿಯಾಗಿ ಕೂತಿತು, ಮತ್ತೆ ಬಿಸಿ ಮಾಡಲು ಅತ್ತೆ ಮನೆಯ ಸ್ಟೋವ್ ಮುಟ್ಟಗೊಡುತ್ತಿರಲಿಲ್ಲ. ಹೀಗಾಗಿ ಗುರುವಾರಗಳಂದು ಅವನ ಅಂಗಡಿಯಲ್ಲೇ ಕೂತು ಬರೆಯತೊಡಗಿದೆ. ಹಸಿ ಬಣ್ಣದ ಮೇಲೆ ಕಟ್ಟಿಗೆಯ ಪುಡಿ ಬೀಳುತ್ತಿತ್ತು. ಖಾಲಿ ಬಿಟ್ಟ ಜಾಗದಲ್ಲಿ ಒಂದು ದೋಣಿಯನ್ನಾದರೂ ಹಾಕಿ ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ. ಒಂದು ದಿನ, ನಾನು ಮನೆಯ ಸಂಕಟ ಹೇಳಿಕೊಂಡಾಗ, ಅವನು ನಕ್ಕ.

"ಆಪ್ ಕೇ ಮಂದಿರ್ ಮೇಂ ಭೀ ಯಹೀ ಸರೇಸ್ ಲಗಾ ಹೈ, ಭಾಭೀ."

ವಾಪಸ್ ಬರುವಾಗ ಕಲ್ಯಾಣದಲ್ಲಿ ಗಾಡಿ ಅರ್ಧ ಗಂಟೆ ನಿಂತಿತು. ಆ ಅರ್ಧ ಗಂಟೆಯೂ ನಾನು ಆ ಮಾತನ್ನು ನುಂಗಿಕೊಂಡು ಬಿಡಬೇಕು ಅಂತಲೇ ಯೋಚಿಸಿದ್ದೆ. ಮನೆಗೆ ಬಂದರೆ ಅತ್ತೆ ಹೂ ಕಟ್ಟುತ್ತ ಕೂತಿದ್ದರು. ನನ್ನ ಸೀರೆಯನ್ನು ಮೂಸಿ, "ಮತ್ತ ಅದನ್ನ ಮುಟ್ಟಿ ಬಂದೀ ಏನು? ದೇವರ ಮುಂದ ಬರಬ್ಯಾಡ" ಅಂದರು. ನನಗೆ ತಡೆಯಲಾಗಲಿಲ್ಲ.

"ಆ ಮಂಟಪಕ್ಕ ಹಚ್ಚಿದ್ದೂ ಅದೇ ಅಂಟು ಅತ್ತಿ. ಬಡಗ್ಯಾನೇ ಹೇಳ್ಯಾನ."

ಅವರ ಕೈ ನಿಂತಿತು. "ಖರೇ ಏನು?"

"ಖರೇ."

ಹೂವಿನ ದಾರವನ್ನು ಕೆಳಗಿಟ್ಟು ಮಂಟಪವನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು: "ಇದನ್ನ ನನಗ ಯಾಕ ಹೇಳಿದಿ?"

ಗೆದ್ದ ಸಂತೋಷ ಒಂದಿಷ್ಟೂ ಆಗಲಿಲ್ಲ. ಅವರು ದೇವರನ್ನೆಲ್ಲ ಒಂದೊಂದಾಗಿ ಇಳಿಸಿ ತಾಮ್ರದ ಹರಿವಾಣದಲ್ಲಿಟ್ಟು ಗೂಡಿಗೆ ಸೇರಿಸಿದರು. ಮಂಟಪ ನಾಲ್ಕು ದಿನ ಬರಿದಾಗಿ ನಿಂತಿತ್ತು. ಗಂಡ, "ಇಬ್ಬರಿಗೂ ಹುಚ್ಚು ಹಿಡದದ" ಎಂದು ಗೊಣಗುತ್ತ ಡ್ಯೂಟಿಗೆ ಹೋಗಿಬರುತ್ತಿದ್ದರು.

ಐದನೆಯ ದಿನ ಬೆಳಗ್ಗೆ ನೋಡಿದರೆ ದೇವರು ಮಂಟಪದಲ್ಲಿ ಮತ್ತೆ ಕೂತಿದ್ದರು. ಅತ್ತೆ ಮಂಗಳಾರತಿ ಮುಗಿಸಿ, ನನ್ನ ಮುಖ ನೋಡದೆ ಹೇಳಿದರು:

"ದೇವರು ಏನೂ ಅಂದಿಲ್ಲ. ಆದ್ರ ನಾ ಅಂತೀನಿ. ಹೊರಗ ಗ್ಯಾಲರ್ಯಾಗ ಬ್ಯಾರೆ ಸ್ಟೋವ್ ಇಟ್ಕೋ. ಅಲ್ಲೇ ಕುದಿಸು, ಅಲ್ಲೇ ಬರಿ. ಒಳಗ ಬರಬೇಕಾದ್ರ ತಲಿಮ್ಯಾಲೆ ನೀರು ಹಾಕ್ಕೊಂಡು ಬಾ."

ನಮ್ಮ ಕಟ್ಟಡಕ್ಕೆ ನೀರು ಬರುತ್ತಿದ್ದುದು ಬೆಳಗ್ಗೆ ಒಂದು ತಾಸು ಮಾತ್ರ. ಹಾಲು ಉಕ್ಕಿತೆಂದು ಓಡಿಬರಬೇಕಾದರೂ ಸ್ನಾನ, ಬಾಗಿಲಿಗೆ ಪೋಸ್ಟಿನವನು ಬಂದರೂ ಸ್ನಾನ. ಹೇಳಿದರೆ ಕೇಳುವವರಿಲ್ಲ. ಡಿಸೆಂಬರಿನಲ್ಲಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಸೀನುತ್ತ ಸೀನುತ್ತ, ಬಡಗಿಯ ಸರೇಸಿನಿಂದಲೇ ಆ ಬೆಳ್ಳಕ್ಕಿಗಳನ್ನು ಮುಗಿಸಿದೆ. ಬಿಳಿಯ ಬಣ್ಣ ಕಾಗದವನ್ನು ಗಟ್ಟಿಯಾಗಿ ಹಿಡಿದಿತ್ತು. ಅತ್ತೆ ಹೊಸ್ತಿಲ ಒಳಗೇ ನಿಂತು, ಕತ್ತು ಚಾಚಿ, ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಟವೆಲ್ಲಿನ ತುದಿಯನ್ನು ಮುಟ್ಟಿ, ಒದ್ದೆ ಇದೆಯೋ ಇಲ್ಲವೋ ಎಂದು ಪರೀಕ್ಷಿಸಿ, ಒಳಗೆ ಬಿಟ್ಟರು.