ಇನ್ನೂರು ವ್ಯಾಟ್ ಬೇಕೆಂದ ನಂಜುಂಡಪ್ಪನವರು

೨೦೦೧ರಲ್ಲಿ ನಾನು ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರದ ಒಂದು ಆಡಿಯೋ ಮಳಿಗೆಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಟಿ.ವಿ., ಟೇಪ್ ರೆಕಾರ್ಡರ್ ರಿಪೇರಿ ನಮ್ಮ ನಿತ್ಯದ ಅನ್ನ. ಅದರ ಜೊತೆಗೆ ಮನೆಯಲ್ಲಿ ಕೂತು ಶ್ರದ್ಧೆಯಿಂದ ಸಂಗೀತ ಕೇಳುವ ಕೆಲವರು ಶಿವಮೊಗ್ಗ, ಭದ್ರಾವತಿಯಲ್ಲಿದ್ದರು. ಅವರಿಗೆ ಒಳ್ಳೆಯ ಪವರ್ ಆಂಪ್ಲಿಫೈಯರ್ ಆರಿಸಿಕೊಡುವುದು ನನಗೆ ವಹಿಸಿದ್ದ ಕೆಲಸ. ಸಿ.ಡಿ. ಪ್ಲೇಯರಿನಿಂದ ಬರುವ ಸಣ್ಣ ಸಿಗ್ನಲ್ಲಿಗೆ ಸ್ಪೀಕರನ್ನು ನುಡಿಸುವಷ್ಟು ಬಲ ತುಂಬುವುದೇ ಪವರ್ ಆಂಪ್ಲಿಫೈಯರ್. ಆ ಬಲವನ್ನು ವ್ಯಾಟ್‌ನಲ್ಲಿ ಅಳೆಯುತ್ತಾರೆ.

ಭದ್ರಾವತಿಯ ನಂಜುಂಡಪ್ಪನವರು ಒಂದು ಖಾಸಗಿ ಫೋರ್ಜಿಂಗ್ ವರ್ಕ್‌ಶಾಪಿನಲ್ಲಿ ಫೋರ್ಮನ್ ಆಗಿ ಆಗಷ್ಟೇ ನಿವೃತ್ತರಾಗಿದ್ದರು. ಕಾದ ಕಬ್ಬಿಣವನ್ನು ಯಂತ್ರದ ಸುತ್ತಿಗೆಯಡಿ ಬಡಿಯುವ ಕೆಲಸ. ಮಳಿಗೆಗೆ ಬಂದವರೇ, "ಮೇಡಂ, ನಮ್ಮನೆ ಸೆಟ್ಟು ಮಬ್ಬಾಗಿ ಕೇಳುತ್ತೆ. ಹೆಂಗಸರು ಹಾಡಿದ್ರೆ ಮಾತೇ ತಿಳಿಯಲ್ಲ. ಸ್ಪೀಕರ್ ಬದಲಾಯಿಸಿದೆ, ಪ್ಲೇಯರ್ ಬದಲಾಯಿಸಿದೆ, ಉಪಯೋಗ ಇಲ್ಲ. ಇನ್ನೂರು ವ್ಯಾಟಿಂದು ಒಂದು ಕೊಡಿ" ಎಂದರು.

ಅಷ್ಟು ದೊಡ್ಡದು ನಮ್ಮಲ್ಲಿರಲಿಲ್ಲ. ಬೆಂಗಳೂರಿನ ಡೀಲರೊಬ್ಬರಿಂದ ಎರಡು ಆಂಪ್ಲಿಫೈಯರ್‌ಗಳನ್ನು ಪರೀಕ್ಷೆಗೆಂದು ತರಿಸಿದೆವು. ಒಂದು ಅವರು ಕೇಳಿದ ಇನ್ನೂರು ವ್ಯಾಟಿನ ಟ್ರಾನ್ಸಿಸ್ಟರ್ ಮಾದರಿ, ಒಬ್ಬರೇ ಎತ್ತಲು ತ್ರಾಸಾಗುವಷ್ಟು ಭಾರ. ಇನ್ನೊಂದು ಹಳೆಯ ರೇಡಿಯೋಗಳ ಹಾಗೆ ಗಾಜಿನ ವಾಲ್ವ್‌ಗಳಿಂದ ನಡೆಯುವ ಮೂವತ್ತು ವ್ಯಾಟಿನ ಮಾದರಿ. ಎರಡನ್ನೂ ಓಮ್ನಿ ವ್ಯಾನಿನಲ್ಲಿ ಹಾಕಿಕೊಂಡು ಒಂದು ಭಾನುವಾರ ಬೆಳಿಗ್ಗೆ ಭದ್ರಾವತಿಗೆ ಹೋದೆ.

ಬಾಗಿಲು ತೆರೆದವರು ನಂಜುಂಡಪ್ಪನವರ ಹೆಂಡತಿ ಸರೋಜಮ್ಮ. ಡಬ್ಬಗಳನ್ನು ನೋಡಿ ಅವರ ಮುಖ ಕುಗ್ಗಿತು. ಕಾಫಿ ಕೊಡುವ ನೆಪದಲ್ಲಿ ನನ್ನನ್ನು ಅಡುಗೆಮನೆಗೆ ಕರೆದರು.

"ಈಗಿರೋದನ್ನೇ ಜೋರು ಮಾಡಿ ಮಾಡಿ ನಂಗೆ ತಲೆ ಸಿಡಿಯುತ್ತೆ ಕಣಮ್ಮ. ಇನ್ನೂ ದೊಡ್ಡದು ಬಂದ್ರೆ ನಾನು ದಾವಣಗೆರೆಗೆ ನಮ್ಮಕ್ಕನ ಮನೆಗೆ ಹೋಗ್ತೀನಿ. ಹೆಂಗೂ ಇವ್ರಿಗೆ ನಾನು ಬೇಕಾಗಿಲ್ಲ. ಇಲ್ಲಿಂದ ಕೂಗಿದ್ರೆ ತಿರುಗಿ ಸಹ ನೋಡಲ್ಲ."

ಹೇಳುವಾಗ ಅವರ ದನಿ ಏರಿಯೇ ಇತ್ತು. ಪಕ್ಕದ ಕೋಣೆಯಲ್ಲಿದ್ದ ಗಂಡನಿಗೆ ಕೇಳಿಸೀತೆಂದು ನನಗೆ ಮುಜುಗರವಾಯಿತು. ಅವರಿಗೆ ಕೇಳಿಸಲಿಲ್ಲ. ಆಗ ನಾನು ಅದಕ್ಕೆ ಏನೂ ಅರ್ಥ ಹಚ್ಚಲಿಲ್ಲ.

ಆಂಪ್ಲಿಫೈಯರ್‌ಗಳನ್ನು ಹೋಲಿಸಲು ಒಂದು ಕ್ರಮವಿದೆ. ಎರಡರಲ್ಲಿ ಯಾವುದು ಕೂದಲೆಳೆಯಷ್ಟು ಜೋರಾಗಿದ್ದರೂ ಅದೇ ಚೆನ್ನಾಗಿದೆ ಎಂದು ಮನಸ್ಸು ಹೇಳಿಬಿಡುತ್ತದೆ. ಆದ್ದರಿಂದ ಮೊದಲು ಟೆಸ್ಟ್ ಡಿಸ್ಕಿನಿಂದ ಒಂದೇ ಸಮನಾದ ಸ್ವರ ನುಡಿಸಿ, ಸ್ಪೀಕರಿನ ತಂತಿ ಸೇರುವಲ್ಲಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು, ಎರಡರ ಮಟ್ಟವನ್ನೂ ಸರಿದೂಗಿಸಬೇಕು. ಯಾವುದು ನುಡಿಯುತ್ತಿದೆ ಎಂಬುದು ಕೇಳುವವರಿಗೆ ಕಾಣಲೂಬಾರದು. ಸರೋಜಮ್ಮನವರಿಂದ ಒಂದು ಬೆಡ್‌ಶೀಟ್ ಇಸಿದುಕೊಂಡು ಮೇಜಿನ ಮುಂದೆ ಪರದೆ ಕಟ್ಟಿದೆ. ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರದರ ಜೊತೆ ತಾಳೆ ನೋಡಬಹುದೆಂದು ಸರೋಜಮ್ಮನವರನ್ನೂ ಕೂರಿಸಿದೆ.

ಒಂದೇ ಹಾಡನ್ನು ತಂತಿ ಬದಲಿಸಿ ಬದಲಿಸಿ ನುಡಿಸಿದೆ. ಸರೋಜಮ್ಮ ಮೊದಲು "ನಂಗೇನು ತಿಳಿಯುತ್ತೆ" ಎಂದವರು ಆಮೇಲೆ ಕಣ್ಣು ಮುಚ್ಚಿ ಕೇಳತೊಡಗಿದರು. ನಾನು ಎಷ್ಟು ಸಲ ಅದಲುಬದಲು ಮಾಡಿದರೂ ಅವರು ಮೆಚ್ಚಿದ್ದು ವಾಲ್ವ್ ಆಂಪ್ಲಿಫೈಯರನ್ನೇ. ನಂಜುಂಡಪ್ಪನವರು ಮಾತ್ರ ಪ್ರತಿ ಸಲವೂ ಸರಿಯಿಲ್ಲವೆಂದು ತಲೆಯಾಡಿಸಿದರು.

"ಎರಡೂ ಮಬ್ಬೇ ಮೇಡಂ. ಇನ್ನೂ ಜೋರು ಮಾಡಿ."

"ಬೇಡ!" ಎಂದರು ಸರೋಜಮ್ಮ.

ಸ್ಪೀಕರಿನಲ್ಲಿ ಎತ್ತರದ ಸ್ವರಗಳನ್ನು ನುಡಿಸುವ ಪುಟ್ಟ ಭಾಗಕ್ಕೆ ಟ್ವೀಟರ್ ಎನ್ನುತ್ತಾರೆ. ಅದು ಸುಟ್ಟಿದ್ದರೆ ಸಂಗೀತ ಮಬ್ಬಾಗುತ್ತದೆ. ಪರೀಕ್ಷಿಸೋಣವೆಂದು ಟೆಸ್ಟ್ ಡಿಸ್ಕಿನ ಎತ್ತರದ ಸ್ವರಗಳನ್ನು ಒಂದೊಂದಾಗಿ ಹಾಕುತ್ತ ಹೋದೆ. ಆರು ಕಿಲೋಹರ್ಟ್ಸ್ ಸ್ವರ, ಅಂದರೆ ಸೂಜಿಯಂತೆ ಚುಚ್ಚುವ ಸಿಳ್ಳೆ, ಕೋಣೆಯನ್ನು ತುಂಬಿತು. ಸರೋಜಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

ನಂಜುಂಡಪ್ಪನವರು ಕೈಕಟ್ಟಿ ಕೂತು ಕಾಯುತ್ತಿದ್ದರು. "ಹೂಂ, ಹಾಕಿ ಮೇಡಂ" ಎಂದರು.

ಸ್ವರ ನುಡಿಯುತ್ತಲೇ ಇತ್ತು. ಹೆಂಡತಿಯ ಕಡೆ ತಿರುಗಿದವರು ಅವರ ಕೈಗಳನ್ನು ನೋಡಿದರು. ಎದ್ದು ಹೋಗಿ ಸ್ಪೀಕರಿಗೆ ಕಿವಿ ಹಚ್ಚಿದರು. ಮತ್ತೊಂದು ಕಿವಿ ಹಚ್ಚಿದರು.

"ಬರ್ತಿದೆಯೇನೆ?"

ಸರೋಜಮ್ಮ ಹೌದೆಂದು ತಲೆಯಾಡಿಸಿದರು.

"ಸುಳ್ಳು. ಇವ್ರ ಡಿಸ್ಕ್ ಸರಿ ಇಲ್ಲ."

ನಾನು ಡಿಸ್ಕ್ ನಿಲ್ಲಿಸಿದೆ. ಸ್ಪೀಕರ್ ಸರಿಯಿದೆ, ಆಂಪ್ಲಿಫೈಯರೂ ಸರಿಯಿದೆ, ಒಮ್ಮೆ ಕಿವಿ ತೋರಿಸುವುದು ಒಳ್ಳೆಯದು ಎಂದೆ. ಅವರಿಗೆ ಸಿಟ್ಟು ಬಂತು. ಆಂಪ್ಲಿಫೈಯರ್ ಕೇಳಿದರೆ ಕಿವುಡ ಅಂತೀರಲ್ಲ ಎಂದು ದನಿ ಏರಿಸಿದರು. ಸರೋಜಮ್ಮ ಅವರ ಹಿಂದೆ ಹೋಗಿ ನಿಂತು, ಮೆಲ್ಲಗೆ "ರೀ" ಎಂದರು. ಅವರು ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ಆಗಲೂ ತಿರುಗಲಿಲ್ಲ. ಸರೋಜಮ್ಮ ಅಲ್ಲೇ ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನ ಕಣ್ಣು ಅತ್ತ ಹೋದದ್ದನ್ನು ಗಮನಿಸಿ ತಿರುಗಿದ ನಂಜುಂಡಪ್ಪನವರ ಸಿಟ್ಟು ಅದನ್ನು ನೋಡಿ ಇಳಿಯಿತು. "ಯಾಕೆ ಅಳ್ತೀಯ ಮಾರಾಯ್ತಿ?"

"ಬೇಕಂತಲೇ ಮಾತಾಡ್ಸಲ್ಲ ಅಂದ್ಕೊಂಡಿದ್ದೆ" ಎಂದರು ಸರೋಜಮ್ಮ. ಅದನ್ನು ಅವರು ಎರಡು ಸಲ ಹೇಳಬೇಕಾಯಿತು.

ಮುಂದಿನ ವಾರ ದಂಪತಿ ಶಿವಮೊಗ್ಗಕ್ಕೆ ಬಂದು ಕಿವಿಯ ವೈದ್ಯರನ್ನು ಕಂಡರು. ಹಿಂದಿರುಗುವಾಗ ಮಳಿಗೆಗೆ ಬಂದು ಪರೀಕ್ಷೆಯ ಗ್ರಾಫ್ ತೋರಿಸಿದರು. ತಗ್ಗಿನ ಸ್ವರಗಳಲ್ಲಿ ಗೆರೆ ಸುಮಾರಾಗಿತ್ತು, ಎತ್ತರದ ಸ್ವರಗಳಲ್ಲಿ ಕಂದಕಕ್ಕೆ ಬಿದ್ದಿತ್ತು. ವರ್ಷಗಟ್ಟಲೆ ಸುತ್ತಿಗೆಯ ಸದ್ದಿನಲ್ಲಿ ನಿಂತವರಿಗೆ ಹೀಗಾಗುತ್ತದೆ. ಹೋದದ್ದು ಮರಳುವುದಿಲ್ಲ, ಕಿವಿಗೆ ಶ್ರವಣಯಂತ್ರ ಹಾಕಿಕೊಂಡರೆ ಮಾತು ತಿಳಿಯುತ್ತದೆ ಎಂದು ವೈದ್ಯರು ಹೇಳಿದ್ದರಂತೆ. ಸ, ಶ, ತ ಮುಂತಾದ ಅಕ್ಷರಗಳ ಸ್ಪಷ್ಟತೆಯೆಲ್ಲ ಇರುವುದು ಎತ್ತರದ ಸ್ವರಗಳಲ್ಲಿ. ಹೆಂಗಸರ ಹಾಡಿನಲ್ಲಿ ಮಾತು ತಿಳಿಯದೆ ಇದ್ದದ್ದಕ್ಕೆ ಅದೇ ಕಾರಣ.

"ವರ್ಕ್‌ಶಾಪಲ್ಲಿ ಕಿವಿಗೆ ಹಾಕ್ಕೊಳಕ್ಕೆ ಪ್ಲಗ್ ಕೊಟ್ಟಿದ್ರು" ಎಂದರು ನಂಜುಂಡಪ್ಪನವರು. "ಹಾಕ್ಕೊಂಡ್ರೆ ಹುಡುಗರು ಕೂಗಿದ್ದು ಕೇಳಲ್ಲ ಅಂತ ನಾನೇ ಜೇಬಲ್ಲಿ ಇಟ್ಕೋತಿದ್ದೆ."

ದೊಡ್ಡ ಆಂಪ್ಲಿಫೈಯರ್ ಬೆಂಗಳೂರಿಗೆ ವಾಪಸ್ ಹೋಯಿತು. ವಾಲ್ವಿನದನ್ನೂ ಕಳಿಸಬೇಕೆಂದಿದ್ದೆ. ನಂಜುಂಡಪ್ಪನವರು ತಡೆದರು. "ಅದು ಇರ್ಲಿ. ಕಿವಿ ಸರಿ ಇರೋರು ಆರಿಸಿದ್ದು." ಮೂವತ್ತು ವ್ಯಾಟ್ ಸಾಕೇ ಎಂದು ನಾನು ತಮಾಷೆಗೆ ಕೇಳಿದೆ. ನಿಜ ಹೇಳಬೇಕೆಂದರೆ ಅವರ ಮನೆಯ ಕೋಣೆಯಷ್ಟು ಜಾಗದಲ್ಲಿ ಹಿತವಾಗಿ ಸಂಗೀತ ಕೇಳಲು ಹೆಚ್ಚಿನ ಹೊತ್ತು ಒಂದೆರಡು ವ್ಯಾಟ್ ಸಾಕು.

ಅದನ್ನು ಜೋಡಿಸಿಕೊಡಲು ಹೋದ ದಿನ ನಂಜುಂಡಪ್ಪನವರ ಕಿವಿಯಲ್ಲಿ ಯಂತ್ರವಿತ್ತು. ಸಂಗೀತ ಅದರಲ್ಲಿ ತಗಡು ಬಡಿದಂತೆ ಕೇಳುತ್ತದೆಂದು ಗೊಣಗಿದರು. ಹಾಡು ಹಾಕಿದಾಗ ತೆಗೆದಿಟ್ಟು, ಮುಗಿದ ಮೇಲೆ ಹಾಕಿಕೊಂಡರು. ಸರೋಜಮ್ಮ ಪಕ್ಕದಲ್ಲಿ ಕೂತು ಅವರಿಗೆ ಏನೋ ಹೇಳಿದರು, ನನಗೂ ಸರಿಯಾಗಿ ಕೇಳಲಿಲ್ಲ. ನಂಜುಂಡಪ್ಪನವರು ಅವರನ್ನೇ ನೋಡಿದರು.

"ಇಷ್ಟು ಮೆತ್ತಗೆ ಮಾತಾಡ್ತೀಯಾ ನೀನು?"

"ಮದುವೆ ಆದಾಗ ಹೀಗೇ ಮಾತಾಡ್ತಿದ್ದೆ" ಎಂದರು ಸರೋಜಮ್ಮ. "ಆಮೇಲೆ ಕೂಗೋದು ಕಲ್ತೆ."

ಆ ಮಳಿಗೆಯಲ್ಲಿ ಮುಂದೆಯೂ ಬಹಳ ವರ್ಷ ಕೆಲಸ ಮಾಡಿದೆ. ಯಾರಾದರೂ ಸೆಟ್ಟು ಮಬ್ಬು, ದೊಡ್ಡದು ಬೇಕು ಎಂದು ಬಂದರೆ ಮೊದಲು ಅವರ ಮನೆಗೆ ಹೋಗಿ, ಮನೆಯಲ್ಲಿ ಇದ್ದವರನ್ನೆಲ್ಲ ಕೂರಿಸಿ ಟೆಸ್ಟ್ ಡಿಸ್ಕ್ ಹಾಕುತ್ತಿದ್ದೆ. ಸ್ಪೀಕರಿನವರೆಗೆ ಏನು ಬಂತೆಂದು ಮೀಟರ್ ಹೇಳುತ್ತದೆ. ಅಲ್ಲಿಂದ ಮುಂದೆ ಯಾರಿಗೆ ಏನು ತಲುಪಿತು ಎಂಬುದನ್ನು ಕೂತವರನ್ನೇ ಕೇಳಬೇಕು, ಅದೂ ಕೊಳ್ಳಲು ಬಂದ ಒಬ್ಬರನ್ನಷ್ಟೇ ಅಲ್ಲ.